ಅಗಲವೂ ಹೇಳಿ, ತೂಕವೂ ಹೇಳಿ

ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ಖಗೋಳ ವಿಜ್ಞಾನಿಗಳು ಮೌಂಟ್ ಅಬುವಿನ ದೂರದರ್ಶಕದ ನೆರವಿನಿಂದ 2023ರಲ್ಲಿ ಒಂದು ದೈತ್ಯ ಗ್ರಹದ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ಟಿಒಐ-4603ಬಿ ಎಂಬುದು ಅದರ ಹೆಸರು. ನಮ್ಮಿಂದ ಸುಮಾರು 731 ಜ್ಯೋತಿರ್ವರ್ಷ ದೂರದಲ್ಲಿರುವ ನಕ್ಷತ್ರವೊಂದನ್ನು ಅದು ಏಳೂಕಾಲು ದಿನಕ್ಕೊಮ್ಮೆ ಸುತ್ತಿ ಮುಗಿಸುತ್ತದೆ. ಗುರುಗ್ರಹದಲ್ಲಿರುವುದರ ಸುಮಾರು 13 ಪಟ್ಟು ದ್ರವ್ಯ ಅದರಲ್ಲಿ ತುಂಬಿಕೊಂಡಿದೆ. ಇಂಥ ಸುದ್ದಿಯನ್ನು ಮನೆಯ ಮಕ್ಕಳಿಗೋ ತರಗತಿಯ ಮಕ್ಕಳಿಗೋ ದಾಟಿಸುವಾಗ ನಮ್ಮ ಬಾಯಿಗೆ ಸಲೀಸಾಗಿ ಬರುವ ಮಾತು, ‘ಗುರುಗ್ರಹಕ್ಕಿಂತ ಹದಿಮೂರು ಪಟ್ಟು ದೊಡ್ಡದಂತೆ’ ಎಂಬುದು. ಕೇಳಿದ ಮಗು ಮನಸ್ಸಿನಲ್ಲೇ ಗುರುಗ್ರಹದ ಪಕ್ಕದಲ್ಲಿ ಹದಿಮೂರು ಪಟ್ಟು ಅಗಲದ ಚೆಂಡೊಂದನ್ನು ಬರೆದುಕೊಳ್ಳುತ್ತದೆ. ಗುರುಗ್ರಹಕ್ಕಿಂತ ಸೂರ್ಯನೇ ಹೆಚ್ಚೆಂದರೆ ಹತ್ತು ಪಟ್ಟು ಅಗಲ. ಅಂದರೆ ಆ ಮಗುವಿನ ತಲೆಯಲ್ಲಿ ಈಗ ಸೂರ್ಯನನ್ನೂ ಮೀರಿಸುವ ಗ್ರಹವೊಂದು ಕುಳಿತಿದೆ. ನಿಜವಾಗಿ ಅಳೆದು ಸಿಕ್ಕ ಅಗಲ ಎಷ್ಟು ಗೊತ್ತೆ? ಗುರುಗ್ರಹದ 1.04 ಪಟ್ಟು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಕಣ್ಣಳತೆಯಲ್ಲಿ ಹೇಳುವುದೇ ಕಷ್ಟ.

ಹೇಳಿದವರು ಸುಳ್ಳು ಹೇಳಲಿಲ್ಲ, ಕೇಳಿದ ಮಗುವೂ ತಪ್ಪಾಗಿ ಯೋಚಿಸಲಿಲ್ಲ. ಆದರೂ ನಡುವೆ ಸೂರ್ಯನಷ್ಟು ದೊಡ್ಡ ತಪ್ಪು ನುಸುಳಿತು. ಸೌರಮಂಡಲದಾಚೆಯ ದೈತ್ಯ ಗ್ರಹಗಳ ಬಗ್ಗೆ ಮಕ್ಕಳಿಗೆ ಹೇಳುವಾಗ ಒಂದೇ ಸಂಖ್ಯೆ ಹೇಳಿ ನಿಲ್ಲಿಸಬಾರದು. ಅಗಲ ಎಷ್ಟು, ಒಳಗೆ ತುಂಬಿರುವ ಸರಕು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಯಾವಾಗಲೂ ಜೊತೆಯಾಗಿಯೇ ಹೇಳಬೇಕು ಎಂಬುದು ನನ್ನ ವಾದ. ಇದು ಬರಿಯ ನಿಖರತೆಯ ಹಟವಲ್ಲ. ಈ ಗ್ರಹಗಳಲ್ಲಿ ಮಕ್ಕಳನ್ನು ನಿಜಕ್ಕೂ ಬೆರಗುಗೊಳಿಸಬೇಕಾದ ಸಂಗತಿ ಯಾವುದೋ ಅದು ಈ ಎರಡು ಸಂಖ್ಯೆಗಳ ನಡುವೆಯೇ ಅಡಗಿದೆ. ಒಂದನ್ನು ಬಿಟ್ಟರೆ ಕಥೆಯೇ ತಪ್ಪಿಹೋಗುತ್ತದೆ.

ನಮ್ಮ ಅಂಗಳದ ಗ್ರಹಗಳಿಂದಲೇ ಶುರುಮಾಡೋಣ, ಏಕೆಂದರೆ ಗೊಂದಲದ ಬೇರು ಅಲ್ಲೇ ಇದೆ. ಗುರುಗ್ರಹ ಭೂಮಿಗಿಂತ ಎಷ್ಟು ದೊಡ್ಡದು ಎಂದು ಕೇಳಿದರೆ ಮಕ್ಕಳ ಪುಸ್ತಕಗಳಲ್ಲಿ ಮೂರು ಬೇರೆ ಬೇರೆ ಉತ್ತರಗಳು ಸಿಗುತ್ತವೆ: 11 ಪಟ್ಟು, 318 ಪಟ್ಟು, 1,300 ಪಟ್ಟು. ಮೂರೂ ಸರಿಯೇ. ಹನ್ನೊಂದು ಎಂಬುದು ಅಗಲದ, ಅಂದರೆ ವ್ಯಾಸದ ಲೆಕ್ಕ. ಸಾವಿರದ ಮುನ್ನೂರು ಎಂಬುದು ಒಳಗಿನ ಜಾಗದ ಲೆಕ್ಕ; ಹನ್ನೊಂದನ್ನು ಹನ್ನೊಂದರಿಂದ ಎರಡು ಸಲ ಗುಣಿಸಿದರೆ ಮಕ್ಕಳೇ ಹೆಚ್ಚುಕಡಿಮೆ ಅಲ್ಲಿಗೆ ಬಂದು ಮುಟ್ಟುತ್ತಾರೆ. ಮುನ್ನೂರ ಹದಿನೆಂಟು ದ್ರವ್ಯರಾಶಿಯ ಲೆಕ್ಕ. ಸಾವಿರದ ಮುನ್ನೂರು ಭೂಮಿಗಳಷ್ಟು ಜಾಗವಿದ್ದೂ ಮುನ್ನೂರ ಹದಿನೆಂಟು ಭೂಮಿಗಳಷ್ಟೇ ಸರಕಿದೆ ಎಂದರೆ ಗುರುಗ್ರಹ ಭೂಮಿಯಂತೆ ಕಲ್ಲು ಕಬ್ಬಿಣದ ಗಟ್ಟಿ ಗೋಳವಲ್ಲ, ಹೆಚ್ಚಿನಂಶ ಹೈಡ್ರೋಜನ್ ಮತ್ತು ಹೀಲಿಯಂನಿಂದಾದ ಹಗುರ ಗೋಳ ಎಂಬುದು ಅಲ್ಲೇ ಹೊರಬೀಳುತ್ತದೆ. ಸಂಖ್ಯೆಗಳನ್ನು ಜೊತೆಯಾಗಿ ಇಟ್ಟಾಗ ಮಾತ್ರ ಅವು ಹೀಗೆ ಮಾತಾಡುತ್ತವೆ. ಈ ಸಾವಿರದ ಮುನ್ನೂರರ ಬಗ್ಗೆ ಇನ್ನೊಂದು ಮಾತು. ‘ಗುರುಗ್ರಹದೊಳಗೆ 1,300 ಭೂಮಿಗಳು ಹಿಡಿಸುತ್ತವೆ’ ಎಂದು ಬರೆಯುವುದು ರೂಢಿ. ಭೂಮಿಯನ್ನು ಕರಗಿಸಿ ಸುರಿದರೆ ಮಾತ್ರ ಅದು ನಿಜ. ಇಡಿ ಇಡಿ ಗೋಳಗಳನ್ನೇ ತುಂಬುತ್ತ ಹೋದರೆ ನಡುನಡುವೆ ಸಂದು ಉಳಿಯುತ್ತದೆ. ಎಷ್ಟೇ ಒತ್ತಾಗಿ ಜೋಡಿಸಿದರೂ ನೂರಕ್ಕೆ 74 ಪಾಲು ಜಾಗವಷ್ಟೇ ತುಂಬುವುದರಿಂದ ಸಾವಿರ ಭೂಮಿಗಳೂ ಹಿಡಿಯುವುದಿಲ್ಲ. ಡಬ್ಬಿಗೆ ಗೋಲಿ ತುಂಬಿ ಗೊತ್ತಿರುವ ಮಗು ಈ ಪ್ರಶ್ನೆ ಎತ್ತಿಯೇ ಎತ್ತುತ್ತದೆ, ಎತ್ತಬೇಕು ಕೂಡ.

ಶನಿಗ್ರಹವನ್ನು ಗುರುವಿನ ಪಕ್ಕ ನಿಲ್ಲಿಸಿದರೆ ವಿಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಗುರುವಿನ ವ್ಯಾಸ ಸಮಭಾಜಕದಲ್ಲಿ 1,42,984 ಕಿಲೋಮೀಟರ್, ಶನಿಯದು 1,20,536. ಅಗಲದಲ್ಲಿ ಶನಿ ಗುರುವಿನ ನೂರಕ್ಕೆ 84 ಪಾಲು ಇದೆ. ದ್ರವ್ಯರಾಶಿಯಲ್ಲಿ ಮಾತ್ರ ಶನಿಯದು 95 ಭೂಮಿಗಳಷ್ಟು. ಗುರುವಿನ ಮೂರನೇ ಒಂದು ಪಾಲೂ ಆಗುವುದಿಲ್ಲ. ಬಳೆಗಳನ್ನು ತೆಗೆದಿಟ್ಟು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವ ಎರಡು ಗೋಳಗಳಲ್ಲಿ ಒಂದರೊಳಗೆ ಇನ್ನೊಂದರ ಮೂರು ಪಟ್ಟಿಗೂ ಮಿಗಿಲಾದ ಸರಕಿದೆ. ಸರಕು ಮೂರು ಪಟ್ಟಾದರೂ ಗೋಳ ಏಕೆ ಅಷ್ಟಾಗಿ ಹಿಗ್ಗಲಿಲ್ಲ? ಸೌರಮಂಡಲದಾಚೆಯ ದೈತ್ಯರ ಗಾತ್ರದ ಗುಟ್ಟೆಲ್ಲ ಈ ಪ್ರಶ್ನೆಯಲ್ಲಿದೆ. ಇದನ್ನು ಕೇಳಲು ದೂರದ ನಕ್ಷತ್ರಗಳವರೆಗೆ ಹೋಗಬೇಕಾಗಿಯೂ ಇಲ್ಲ.

ಉತ್ತರ ಹೇಳಲು ಅರಳೆಯ ಹಾಸಿಗೆಗಳ ಅಟ್ಟಿಯನ್ನು ನೆನೆಯುವುದು ಒಳ್ಳೆಯದು. ಒಂದರ ಮೇಲೊಂದು ಹಾಸಿಗೆ ಪೇರಿಸುತ್ತ ಹೋದರೆ ಮೊದಮೊದಲು ಅಟ್ಟಿ ಚೆನ್ನಾಗಿ ಎತ್ತರವಾಗುತ್ತದೆ. ಬರಬರುತ್ತ ಮೇಲಿನ ಭಾರಕ್ಕೆ ಕೆಳಗಿನವು ಚಪ್ಪಟೆಯಾಗುತ್ತವೆ. ಹತ್ತನೆಯ ಹಾಸಿಗೆ ಸೇರಿಸಿದಾಗ ಅಟ್ಟಿ ಹತ್ತನೆಯ ಹಾಸಿಗೆಯ ದಪ್ಪದಷ್ಟು ಏರುವುದಿಲ್ಲ. ಅನಿಲದ ಗ್ರಹದಲ್ಲೂ ಇದೇ ನಡೆಯುತ್ತದೆ, ಆದರೆ ಒಂದು ಹೆಜ್ಜೆ ಮುಂದೆ ಹೋಗಿ. ಹಾಸಿಗೆಗಳ ಅಟ್ಟಿಯಲ್ಲಿ ಪ್ರತಿ ಹಾಸಿಗೆಯ ಭಾರ ಇದ್ದಷ್ಟೇ ಇರುತ್ತದೆ. ಗ್ರಹಕ್ಕೆ ಸರಕು ಸೇರಿಸಿದರೆ ಗ್ರಹದ ಗುರುತ್ವವೇ ಹೆಚ್ಚಿ, ಮೊದಲಿಂದ ಇದ್ದ ಸರಕೂ ಹೆಚ್ಚು ಜೋರಾಗಿ ಒಳಕ್ಕೆ ಒತ್ತತೊಡಗುತ್ತದೆ. ಹಾಗಾಗಿ ಗುರುಗ್ರಹದ ಮಟ್ಟ ತಲುಪಿದ ಮೇಲೆ ಸೇರಿಸಿದ ಸರಕೂ ಹೆಚ್ಚಿದ ಒತ್ತಡವೂ ಒಂದಕ್ಕೊಂದು ಸರಿಸಮವಾಗಿಬಿಡುತ್ತವೆ. ಗ್ರಹ ಭಾರವಾಗುತ್ತ ಹೋಗುತ್ತದೆ, ಹಿಗ್ಗುವುದಿಲ್ಲ, ಸ್ವಲ್ಪ ಕುಗ್ಗಲೂಬಹುದು. ದೊಡ್ಡವರಿಗೆ ಇನ್ನೂ ಒಂದು ವಿವರ: ಅಷ್ಟು ಒತ್ತಡದಲ್ಲಿ ಪರಮಾಣುಗಳು ತಮ್ಮ ಎಂದಿನ ರಚನೆ ಕಳೆದುಕೊಳ್ಳುತ್ತವೆ, ಎಲೆಕ್ಟ್ರಾನುಗಳು ಇನ್ನಷ್ಟು ಒತ್ತಿಕೊಳ್ಳಲು ಒಪ್ಪದೆ ಪ್ರತಿರೋಧ ಒಡ್ಡುತ್ತವೆ. ಗೋಳ ಪೂರ್ತಿ ಕುಸಿಯದಂತೆ ಹಿಡಿದಿಡುವುದು ಹೆಚ್ಚಿನಂಶ ಅದೇ ಪ್ರತಿರೋಧ. ವಯಸ್ಸಾಗಿ ತಣಿದ ಗೋಳಗಳನ್ನು ತೆಗೆದುಕೊಂಡರೆ, ಗುರುವಿನಷ್ಟು ಸರಕಿರುವುದರಿಂದ ಹಿಡಿದು ಅದರ ಎಪ್ಪತ್ತು ಪಟ್ಟು ಸರಕಿರುವುದರವರೆಗೆ ಎಲ್ಲವೂ ಅಗಲದಲ್ಲಿ ಹೆಚ್ಚುಕಡಿಮೆ ಗುರುವಿನ ಆಸುಪಾಸಿನಲ್ಲೇ ಇರುತ್ತವೆ.

ಹಾಗಾದರೆ ಗುರುಗ್ರಹಕ್ಕಿಂತ ಎದ್ದುಕಾಣುವಷ್ಟು ಅಗಲದ ಗ್ರಹಗಳೇ ಇಲ್ಲವೆ? ಇವೆ, ಆದರೆ ಅವು ಅಗಲವಾಗಿರುವುದು ಸರಕು ಹೆಚ್ಚಾಗಿದ್ದಕ್ಕಲ್ಲ, ಕಾದಿದ್ದಕ್ಕೆ. ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 1995ರಲ್ಲಿ 51 ಪೆಗಾಸಿ ನಕ್ಷತ್ರದ ಸುತ್ತ ಕಂಡುಹಿಡಿದ ಗ್ರಹ ನಾಲ್ಕೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತಿತ್ತು. ದೈತ್ಯ ಗ್ರಹವೊಂದು ನಕ್ಷತ್ರಕ್ಕೆ ಅಷ್ಟು ಹತ್ತಿರ ಇರಬಹುದೆಂದು ಬಹುತೇಕ ಯಾರೂ ಎಣಿಸಿರಲಿಲ್ಲ. ಆ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂತು. ಇಂಥವನ್ನು ‘ಬಿಸಿ ಗುರು’ಗಳೆಂದು ಕರೆಯುವ ರೂಢಿ ಬಂದಿದೆ. ಅವುಗಳ ಉಷ್ಣತೆ ಸಾವಿರ ಡಿಗ್ರಿಯನ್ನೂ ದಾಟುತ್ತದೆ. ಅನಿಲದ ಗೋಳ ಹುಟ್ಟಿದಾಗ ಬಿಸಿಯಾಗಿ ಉಬ್ಬಿರುತ್ತದೆ, ತಣಿಯುತ್ತ ಕುಗ್ಗುತ್ತದೆ. ನಕ್ಷತ್ರದ ಮಗ್ಗುಲಲ್ಲೇ ಇರುವ ಗ್ರಹಕ್ಕೆ ತಣಿಯಲು ಪುರಸೊತ್ತೇ ಇಲ್ಲ. ಮೇಲ್ಪದರಕ್ಕೆ ಬೀಳುವ ಆ ಶಾಖ ಒಡಲಿನ ಆಳಕ್ಕೆ ಹೇಗೆ ಇಳಿಯುತ್ತದೆ ಎಂಬುದರ ಮೇಲೆ ವಿಜ್ಞಾನಿಗಳ ನಡುವೆ ಇನ್ನೂ ಚರ್ಚೆ ನಡೆದಿದೆ. ಹೆಚ್ಚು ಶಾಖ ಬೀಳುವ ಗ್ರಹಗಳೇ ಹೆಚ್ಚು ಉಬ್ಬಿವೆ ಎಂಬುದರ ಬಗ್ಗೆ ಮಾತ್ರ ಅನುಮಾನ ಉಳಿದಿಲ್ಲ. 2009ರಲ್ಲಿ ಪ್ರಕಟವಾದ ವಾಸ್ಪ್-17ಬಿ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಅಗಲ ಗುರುವಿನ ಸುಮಾರು 1.9 ಪಟ್ಟು, ಸರಕು ಗುರುವಿನ ಸುಮಾರು ಅರ್ಧ. ಸಾಂದ್ರತೆ ನೀರಿನ ಸುಮಾರು ಹತ್ತನೇ ಒಂದು ಪಾಲು. ಜೇಮ್ಸ್ ವೆಬ್ ದೂರದರ್ಶಕ 2023ರಲ್ಲಿ ಇದೇ ಗ್ರಹದ ಮೋಡಗಳಲ್ಲಿ ಬೆಣಚುಕಲ್ಲಿನ ಅತಿಸೂಕ್ಷ್ಮ ಹರಳುಗಳ ಗುರುತು ಕಂಡಿತು. ಇತ್ತ ಟಿಒಐ-4603ಬಿಯ ಸಾಂದ್ರತೆ ನೀರಿನ ಸುಮಾರು 14 ಪಟ್ಟು, ಸೀಸದ್ದೇ 11.3 ಪಟ್ಟು ಎಂಬುದನ್ನು ನೆನಪಿಡಿ. ನೀರಿಗಿಂತ ಹತ್ತು ಪಟ್ಟು ತೆಳುವಾದದ್ದನ್ನೂ ಸೀಸಕ್ಕಿಂತ ದಟ್ಟವಾದದ್ದನ್ನೂ ‘ದೈತ್ಯ ಗ್ರಹ’ ಎಂಬ ಒಂದೇ ಚೀಲಕ್ಕೆ ತುಂಬಿ ಮಕ್ಕಳ ಕೈಗೆ ಕೊಡುತ್ತಿದ್ದೇವೆ.

ಇದನ್ನು ತರಗತಿಯಲ್ಲಿ ತೋರಿಸಲು ದೊಡ್ಡ ಸಲಕರಣೆ ಬೇಡ. ಭೂಮಿಯನ್ನು ಒಂದು ಸೆಂಟಿಮೀಟರ್ ಅಗಲದ ಚುಕ್ಕೆ ಎಂದು ಇಟ್ಟುಕೊಂಡು, ಅದೇ ಅಳತೆಯಲ್ಲಿ ಕಾಗದದ ವೃತ್ತಗಳನ್ನು ಕತ್ತರಿಸಬೇಕು. ಗುರುಗ್ರಹ ಹನ್ನೊಂದು ಸೆಂಟಿಮೀಟರ್ ಆಗುತ್ತದೆ, ಮಕ್ಕಳ ಕೈವಾರದಲ್ಲೇ ಎಳೆಯಬಹುದು. ಶನಿ ಒಂಬತ್ತೂವರೆಯ ಹತ್ತಿರ. ಟಿಒಐ-4603ಬಿ ಹನ್ನೊಂದೂವರೆಗಿಂತ ಒಂದು ಕೂದಲೆಳೆ ಹೆಚ್ಚು. ಅದೇ ಅಹಮದಾಬಾದಿನ ತಂಡ 2021ರಲ್ಲಿ ಪ್ರಕಟಿಸಿದ ಟಿಒಐ-1789ಬಿ ಎಂಬ ಬಿಸಿ ಗುರು ಹದಿನಾರು. ವಾಸ್ಪ್-17ಬಿ ಇಪ್ಪತ್ತೊಂದು, ಎ4 ಹಾಳೆಯ ಅಗಲವನ್ನು ಅಂಚಿನಿಂದ ಅಂಚಿಗೆ ಸರಿಯಾಗಿ ತುಂಬಿಬಿಡುತ್ತದೆ, ದಾರ ಕಟ್ಟಿ ಎಳೆಯಬೇಕು. ಈಗ ಪ್ರತಿ ವೃತ್ತದ ನಡುವೆ ಅದರ ಸರಕನ್ನು ‘ಎಷ್ಟು ಭೂಮಿಗಳಷ್ಟು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ: ಶನಿಗೆ 95, ಗುರುವಿಗೆ 318, ಟಿಒಐ-1789ಬಿಗೆ ಸುಮಾರು 220, ಹಾಳೆ ತುಂಬಿದ ವಾಸ್ಪ್-17ಬಿಗೆ ಸುಮಾರು 150, ಮತ್ತು ಗುರುವಿನ ಜೊತೆ ಅದಲುಬದಲಾಗುವಂತಿರುವ ಟಿಒಐ-4603ಬಿಗೆ ಸುಮಾರು 4,100. ವೃತ್ತಗಳನ್ನು ಅಗಲದ ಪ್ರಕಾರ ಸಾಲಾಗಿ ಜೋಡಿಸಿ ನೋಡಿದ ಮಕ್ಕಳು, ಬಳಿಕ ಒಳಗಿನ ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸಲಿ. ಸಾಲು ಪೂರ್ತಿ ಕಲಸಿಹೋಗುತ್ತದೆ. ಮೊದಲ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತ ವಾಸ್ಪ್ ಎರಡನೆಯ ಸಾಲಿನಲ್ಲಿ ಶನಿಯ ಪಕ್ಕಕ್ಕೆ, ಕೊನೆಯಿಂದ ಎರಡನೆಯದಾಗಿ ಬಂದು ಕೂರುತ್ತದೆ. ಮೇಷ್ಟ್ರು ಬಾಯಿಬಿಟ್ಟು ವಿವರಿಸುವ ಮೊದಲೇ ಮಗುವಿನಿಂದ ‘ಅದು ಹೇಗೆ?’ ಎಂಬ ಪ್ರಶ್ನೆ ಬರುತ್ತದೆ. ಹೇಳಿಕೊಡುವವರಿಗೆ ಅದಕ್ಕಿಂತ ಹೆಚ್ಚಿನ ಆಸರೆ ಬೇಕಿಲ್ಲ. ಎಲ್ಲ ಮುಗಿದ ಮೇಲೆ ಸೂರ್ಯನ ವೃತ್ತವನ್ನೂ ನೆಲದ ಮೇಲೆ ಸುಣ್ಣದಲ್ಲಿ ಎಳೆದರೆ ಚೆನ್ನ. ಅದರ ಅಗಲ ಒಂದು ಮೀಟರಿಗಿಂತ ಒಂಬತ್ತು ಸೆಂಟಿಮೀಟರ್ ಹೆಚ್ಚು.

ಇಷ್ಟಕ್ಕೇ ನಿಲ್ಲಿಸದೆ ಈ ಎರಡು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕು. ಹೇಳಿದರೆ ಅವು ಏಕೆ ಎರಡಾಗಿವೆ ಎಂಬುದೂ ತಾನಾಗಿ ತಿಳಿಯುತ್ತದೆ, ಏಕೆಂದರೆ ಅವನ್ನು ಕೊಡುವ ಅಳತೆಗಳೇ ಬೇರೆ ಬೇರೆ. ಈ ಗ್ರಹಗಳಲ್ಲಿ ಬಹುಪಾಲನ್ನು ಯಾರೂ ಕಣ್ಣಿಂದ ಕಂಡಿಲ್ಲ. ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ಪಟ್ಟೆಗಳ ಗೋಳಗಳೆಲ್ಲ ಕಲಾವಿದರು ಊಹಿಸಿ ಬರೆದವು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ಒಂದಿಷ್ಟು ತಗ್ಗುತ್ತದೆ. ಎಷ್ಟು ತಗ್ಗಿತು ಎಂಬುದರಿಂದ ಗ್ರಹದ ಅಗಲ ಸಿಗುತ್ತದೆ. ಎಚ್‌ಡಿ 209458 ಎಂಬ ನಕ್ಷತ್ರದ ವಿಷಯದಲ್ಲಿ ಇದು ಮೊತ್ತಮೊದಲು ಕಂಡದ್ದು 1999ರಲ್ಲಿ. ಮೂರೂವರೆ ದಿನಕ್ಕೊಮ್ಮೆ ಅದರ ಬೆಳಕು ನೂರಕ್ಕೆ ಒಂದೂವರೆ ಪಾಲಿನಷ್ಟು ತಗ್ಗಿ, ಸುಮಾರು ಮೂರು ತಾಸು ಹಾಗೇ ಇದ್ದು, ಮತ್ತೆ ಮೊದಲಿನಂತಾಗುತ್ತದೆ. ಬೆಳಕು ಮಸುಕಾಗುವುದನ್ನು ಹಿಡಿದು ಕಾಣದ್ದನ್ನು ಅಳೆಯುವ ಉಪಾಯ ನಮ್ಮವರಿಗೂ ಹೊಸದಲ್ಲ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರು 1977ರ ಮಾರ್ಚ್‌ನಲ್ಲಿ ತಮಿಳುನಾಡಿನ ಕಾವಲೂರಿನಿಂದ, ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವ ಹೊತ್ತಿನಲ್ಲಿ ನೋಡುತ್ತಿದ್ದಾಗ ಅನಿರೀಕ್ಷಿತವಾಗಿ ಬೆಳಕು ಕುಗ್ಗಿದ್ದನ್ನು ದಾಖಲಿಸಿದರು. ಅದೇ ದಿನ ಬೇರೆಡೆ ಕಂಡ ಅಂಥದೇ ಕುಗ್ಗುವಿಕೆಗಳಿಂದ ಯುರೇನಸ್ಸಿಗೂ ಬಳೆಗಳಿವೆ ಎಂಬುದು ಹೊರಬಂತು.

ಬೆಳಕು ತಗ್ಗುವ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು. ನಕ್ಷತ್ರದ ಅಗಲದ ಹತ್ತನೇ ಒಂದು ಪಾಲು ಅಗಲದ ಗ್ರಹ ಎಷ್ಟು ಬೆಳಕನ್ನು ಮರೆಮಾಡುತ್ತದೆ? ಹತ್ತನೇ ಒಂದು ಎಂದು ಬಹಳ ಮಂದಿ ಹೇಳುತ್ತಾರೆ. ಮರೆಯಾಗುವುದು ಅಗಲವಲ್ಲ, ಹರವು. ಹಾಗಾಗಿ ಹತ್ತರ ಹತ್ತು ಪಟ್ಟು, ನೂರನೇ ಒಂದು. ಬೇರೆ ನಕ್ಷತ್ರದಿಂದ ಯಾರಾದರೂ ನಮ್ಮ ಸೂರ್ಯನನ್ನು ನೋಡುತ್ತಿದ್ದು ಗುರುಗ್ರಹ ಅಡ್ಡ ಬಂದರೆ ಅವರಿಗೆ ಸೂರ್ಯನ ಬೆಳಕು ನೂರಕ್ಕೆ ಒಂದು ಪಾಲು ಮಾತ್ರ ಕಡಿಮೆಯಾಗಿ ಕಾಣುತ್ತದೆ. ಚದರ ಗೆರೆಯ ಹಾಳೆಯ ಮೇಲೆ ದೊಡ್ಡ ವೃತ್ತ ಎಳೆದು, ಮೇಲೆ ಚಿಕ್ಕ ವೃತ್ತ ಇಟ್ಟು, ಮುಚ್ಚಿಹೋದ ಚೌಕಗಳನ್ನು ಎಣಿಸಿದರೆ ಸಾಕು. ಇನ್ನು ಸರಕಿನ ಅಳತೆ. ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಗ್ರಹದ ಎಳೆತಕ್ಕೆ ಸಿಕ್ಕಿ ಅಷ್ಟಿಷ್ಟು ತೊನೆಯುತ್ತದೆ. ಗುರುಗ್ರಹದ ಎಳೆತಕ್ಕೆ ಸೂರ್ಯ ಅಲುಗುವ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೀಟರ್, ಗಂಟೆಗೆ 45 ಕಿಲೋಮೀಟರ್. ನಕ್ಷತ್ರದ ಬೆಳಕಿನ ವರ್ಣಪಟಲದಲ್ಲಿ ಇಷ್ಟು ಅಲ್ಪ ಅಲುಗಾಟವನ್ನು ಹಿಡಿಯಬಲ್ಲ ಉಪಕರಣಗಳಿವೆ. ಮೌಂಟ್ ಅಬುವಿನ ‘ಪಾರಸ್’ ಅಂಥದ್ದು. ಟಿಒಐ-4603ರ ಬೆಳಕು ತಗ್ಗುವುದನ್ನು ಹಿಡಿದದ್ದು ನಾಸಾದ ‘ಟೆಸ್’ ಉಪಗ್ರಹ, ಅದರ ಅಲುಗಾಟ ಹಿಡಿದು ತೂಗಿದ್ದು ‘ಪಾರಸ್’. ಒಂದರಿಂದ ಅಗಲ, ಇನ್ನೊಂದರಿಂದ ಸರಕು. ಎರಡೂ ಕೂಡಿದಾಗಲೇ ಅದು ಸೀಸಕ್ಕಿಂತ ದಟ್ಟ ಎಂದು ಗೊತ್ತಾದದ್ದು.

ಒಂದೇ ಅಳತೆ ಸಿಕ್ಕಿರುವ ಗ್ರಹಗಳೂ ಬಹಳ ಇವೆ, ಅವನ್ನು ಹೇಗೆ ಹೇಳಬೇಕು? ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2019ರಲ್ಲಿ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಒಂದು ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಎಂದೂ ಅದರ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಾಯಿತು. ಎರಡು ದಿನಕ್ಕೊಮ್ಮೆ ಸುತ್ತು ಹಾಕುವ ಈ ಸಂತಮಸವನ್ನು ಕಂಡದ್ದು ನಕ್ಷತ್ರದ ಅಲುಗಾಟದಿಂದ. ಆ ದಾರಿಯಲ್ಲಿ ಸಿಗುವುದು ಸರಕಿನ ಲೆಕ್ಕ ಮಾತ್ರ, ಅದೂ ‘ಕಡಿಮೆಯೆಂದರೂ ಇಷ್ಟು’ ಎಂಬ ಲೆಕ್ಕ: ಸುಮಾರು ಒಂದೂವರೆ ಗುರು. ಅಗಲವನ್ನು ಆ ಅಳತೆ ಹೇಳುವುದಿಲ್ಲ. ಮಕ್ಕಳಿಗೂ ಹಾಗೆಯೇ ಹೇಳೋಣ: ‘ತೂಗಿ ನೋಡಿದ್ದಾರೆ, ಅಲುಗಾಟದಿಂದ ಅಗಲ ಸಿಗುವುದಿಲ್ಲ’. ಕಾಗದದ ವೃತ್ತಗಳ ಸಾಲಿನಲ್ಲಿ ಇಂಥವಕ್ಕೆ ಚುಕ್ಕೆಗೆರೆಯ ವೃತ್ತ ಎಳೆದರಾಯಿತು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಸಣ್ಣ ಮಕ್ಕಳಿಗೆ ಅಗಲ, ಜಾಗ, ತೂಕ ಇವು ಬೇರೆ ಬೇರೆ ಎಂಬುದೇ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ. ಅಂಥವರ ಮೇಲೆ ಎರಡೆರಡು ಸಂಖ್ಯೆ ಹೇರುವುದೇಕೆ ಎಂಬುದು ಆ ಆಕ್ಷೇಪ. ಮಕ್ಕಳ ಮನೋವಿಕಾಸವನ್ನು ಅಧ್ಯಯನ ಮಾಡಿದ ಜೀನ್ ಪಿಯಾಜೆ ಜೇಡಿಮಣ್ಣಿನ ಉಂಡೆಗಳನ್ನು ತಟ್ಟಿ, ಉದ್ದ ಮಾಡಿ ಮಕ್ಕಳನ್ನು ಪ್ರಶ್ನಿಸಿದಾಗ ಕಂಡದ್ದೂ ಇದೇ. ಆಕಾರ ಬದಲಾದರೂ ಮಣ್ಣು ಅಷ್ಟೇ ಇದೆ ಎಂಬುದು ಏಳೆಂಟು ವರ್ಷಕ್ಕೆ, ತೂಕ ಅಷ್ಟೇ ಎಂಬುದು ಒಂಬತ್ತು ಹತ್ತಕ್ಕೆ, ಅದು ಹಿಡಿಯುವ ಜಾಗವೂ ಅಷ್ಟೇ ಎಂಬುದು ಹನ್ನೊಂದು ಹನ್ನೆರಡಕ್ಕೆ ಮನಸ್ಸಿಗೆ ಬರುತ್ತದೆ ಎಂದರು ಅವರು. ಈ ಮಾತು ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೊಂದು ಕ್ರಮ ಕೊಡುತ್ತದೆ. ಏಳು ವರ್ಷದ ಮಗುವಿಗೆ ಅಗಲ ಒಂದೇ ಸಾಕು. ಅದು ಅಗಲ ಎಂದು ಹೆಸರಿಟ್ಟು ಹೇಳಬೇಕಷ್ಟೆ. ‘ಗುರುಗ್ರಹದ ಉದ್ದಕ್ಕೂ ಹನ್ನೊಂದು ಭೂಮಿಗಳನ್ನು ಸಾಲಾಗಿ ಇಡಬಹುದು’ ಎಂಬ ಮಾತಿನಲ್ಲಿ ತಪ್ಪು ತಿಳಿಯಲು ಎಡೆಯೇ ಇಲ್ಲ. ಹತ್ತು ವರ್ಷಕ್ಕೆ ಸರಕಿನ ಸಂಖ್ಯೆ ಬರಲಿ. ಹನ್ನೆರಡಕ್ಕೆ ಜಾಗವೂ ಸಾಂದ್ರತೆಯೂ ಬರಲಿ. ಅಗಲ ತಿಳಿಯುವ ವಯಸ್ಸಿನ ಮಗುವಿಗೆ ಸರಕಿನ ಸಂಖ್ಯೆಯನ್ನು ‘ದೊಡ್ಡದು’ ಎಂಬ ಹೆಸರಲ್ಲಿ ಕೊಟ್ಟುಬಿಡುವುದೇ ಆಗಬಾರದ್ದು. ಹಾಗೆ ಒಮ್ಮೆ ಕೂತ ಚಿತ್ರ ಅಳಿಯುವುದು ಕಷ್ಟ. ಮುಂದೆ ಹೈಸ್ಕೂಲಿನಲ್ಲಿ ಸಾಂದ್ರತೆಯ ಪಾಠ ಬಂದಾಗ ಆ ಮಗು ಕಲಿಯುವುದಕ್ಕಿಂತ ಮೊದಲು ಮರೆಯಬೇಕಾಗುತ್ತದೆ.

ಭೌತವಿಜ್ಞಾನದ ಮೇಷ್ಟ್ರುಗಳು ಬೇರೊಂದು ಕಡೆಯಿಂದ ಆಕ್ಷೇಪಿಸಬಹುದು. ತೂಕ ಬೇರೆ, ದ್ರವ್ಯರಾಶಿ ಬೇರೆ. ಗ್ರಹಕ್ಕೆ ತೂಕ ಎನ್ನುವುದೇ ತಪ್ಪಲ್ಲವೆ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪು, ಒಪ್ಪುತ್ತೇನೆ. ಅದಕ್ಕೇ ಇಲ್ಲಿ ‘ಸರಕು’ ಎಂದು ಮತ್ತೆ ಮತ್ತೆ ಬರೆದದ್ದು. ಒಳಗೆ ಎಷ್ಟು ಸರಕು ತುಂಬಿದೆ ಎಂದರೆ ಹತ್ತರ ಮಗುವಿಗೆ ದ್ರವ್ಯರಾಶಿಯ ಕಲ್ಪನೆ ಹೆಚ್ಚುಕಡಿಮೆ ಸರಿಯಾಗಿಯೇ ಮುಟ್ಟುತ್ತದೆ, ಪಾರಿಭಾಷಿಕ ಪದ ನಂತರ ಬಂದರೂ ನಡೆಯುತ್ತದೆ. ಆಡುಮಾತಿನಲ್ಲಿ ತೂಕ ಎಂದವರನ್ನು ಅಷ್ಟಕ್ಕೇ ತಡೆದು ನಿಲ್ಲಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಭಾವದ್ದು. ಮಕ್ಕಳಿಗೆ ಮೊದಲು ಬೇಕಾದದ್ದು ಬೆರಗು; ಲೆಕ್ಕ ತಂದು ಸುರಿದರೆ ಬೆರಗು ಬತ್ತಿಹೋಗುತ್ತದೆ, ‘ಅಬ್ಬಾ, ಅಷ್ಟು ದೊಡ್ಡದಾ!’ ಎಂದು ಅವು ಬಾಯಿ ತೆರೆದರೆ ಸಾಲದೆ ಎಂದು ಕೇಳುವವರಿದ್ದಾರೆ. ಇವರ ಕಾಳಜಿ ನಿಜವಾದದ್ದು, ಆದರೆ ಅನುಭವ ಬೇರೆ ಹೇಳುತ್ತದೆ. ದೊಡ್ಡ ಸಂಖ್ಯೆಗಳ ಬೆರಗು ಬೇಗ ಸವೆಯುತ್ತದೆ. ಮೊದಲ ಸಲ ಹನ್ನೊಂದು ಪಟ್ಟು ಕೇಳಿ ಅರಳಿದ ಕಣ್ಣು ಮುಂದಿನ ಸಲ ನೂರು ಪಟ್ಟು ಕೇಳುತ್ತದೆ. ಕೊನೆಗೆ ಯಾವ ಸಂಖ್ಯೆಯೂ ತಾಗುವುದಿಲ್ಲ. ಕಂಡುಹಿಡಿದು ಖಚಿತಪಡಿಸಿದ ಹೊರಗಣ ಗ್ರಹಗಳ ಎಣಿಕೆ 2022ರಲ್ಲೇ ಐದು ಸಾವಿರ ದಾಟಿತು. ಪ್ರತಿಯೊಂದನ್ನೂ ‘ಎಲ್ಲಕ್ಕಿಂತ ದೊಡ್ಡದು’ ಎಂದು ಹೇಳಿಕೊಂಡು ಹೋಗಲು ಸಾಧ್ಯವೂ ಇಲ್ಲ. ಒಗಟಿನ ಬೆರಗು ಹಾಗಲ್ಲ. ಹಾಳೆ ತುಂಬುವ ಗ್ರಹದಲ್ಲಿ ಅಂಗೈಯಗಲದ ಗ್ರಹಕ್ಕಿಂತ ಕಡಿಮೆ ಸರಕಿದೆ ಎಂಬುದು ಮಗುವಿನ ತಲೆಯಲ್ಲಿ ಉಳಿದು ಕೊರೆಯುತ್ತದೆ, ಮನೆಗೆ ಹೋಗಿ ಅಪ್ಪ ಅಮ್ಮನನ್ನು ಕೇಳುವಂತೆ ಮಾಡುತ್ತದೆ. ಸಂಖ್ಯೆಗಳ ಜೊತೆ ‘ಸುಮಾರು’ ಎಂದು ಸೇರಿಸುವುದೂ ಬೆರಗಿಗೆ ಅಡ್ಡಿಯಲ್ಲ. ವಾಸ್ಪ್-17ಬಿಯ ಅಗಲ ಮುಂದೆ ಇನ್ನಷ್ಟು ನಿಖರವಾಗಿ ಅಳೆದಾಗ ಒಂದೆರಡು ಅಂಕಿ ಆಚೀಚೆ ಆಗಬಹುದು, ಏಕೆಂದರೆ ಬೆಳಕು ತಗ್ಗಿದ್ದರಿಂದ ಸಿಗುವುದು ಗ್ರಹದ ಅಗಲ ನಕ್ಷತ್ರದ ಅಗಲದ ಎಷ್ಟು ಪಾಲು ಎಂಬುದಷ್ಟೇ. ನಕ್ಷತ್ರದ ಅಗಲದ ಅಂದಾಜು ಬದಲಾದರೆ ಗ್ರಹದ್ದೂ ಬದಲಾಗುತ್ತದೆ. ಅಳತೆ ಎಂದರೆ ಹೀಗೆ ಹತ್ತಿರ ಹತ್ತಿರ ಬರುವ ಕೆಲಸ ಎಂದು ಮಕ್ಕಳಿಗೆ ತಿಳಿದರೆ, ಮುಂದೊಂದು ದಿನ ಪುಸ್ತಕದಲ್ಲಿ ಬೇರೆ ಅಂಕಿ ಕಂಡಾಗ ಅವರು ವಿಜ್ಞಾನವನ್ನೇ ಅನುಮಾನಿಸುವುದಿಲ್ಲ.

ಕೊನೆಗೆ ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಗ್ರಹ ಯಾವುದು? ಅಗಲದಲ್ಲಿ ಕೇಳಿದರೆ, ಇದುವರೆಗೆ ಚೆನ್ನಾಗಿ ಅಳೆದ ಬಿಸಿ ಗ್ರಹಗಳಲ್ಲಿ ಅತಿ ಉಬ್ಬಿದವು ಗುರುವಿನ ಎರಡು ಪಟ್ಟಿನ ಆಸುಪಾಸಿನಲ್ಲಿವೆ. ಎ4 ಹಾಳೆಯಿಂದ ತುಸು ಹೊರಚಾಚುತ್ತವೆ. ಸರಕಿನಲ್ಲಿ ಕೇಳಿದರೆ ಉತ್ತರ ಅಳತೆಯಿಂದ ಬರುವುದಿಲ್ಲ, ಎಲ್ಲಿಯವರೆಗೆ ಗ್ರಹ ಎನ್ನಬೇಕು ಎಂಬ ಒಪ್ಪಂದದಿಂದ ಬರುತ್ತದೆ. ಗುರುವಿನ ಸುಮಾರು 13 ಪಟ್ಟು ಸರಕು ಸೇರಿದರೆ ಒಡಲಲ್ಲಿ ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಸಮ್ಮಿಲನಗೊಳ್ಳತೊಡಗುತ್ತದೆ. ಅಲ್ಲಿಂದಾಚೆಗಿನವನ್ನು ಕಂದು ಕುಬ್ಜಗಳೆಂದು ಕರೆಯುವುದು ವಾಡಿಕೆ; ಟಿಒಐ-4603ಬಿ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ. ಇನ್ನೂ ಸೇರಿಸುತ್ತ ಎಂಬತ್ತು ಗುರುಗಳ ಹತ್ತಿರ ಬಂದರೆ ಸಾಮಾನ್ಯ ಹೈಡ್ರೋಜನ್ನೇ ಸಮ್ಮಿಲನಗೊಂಡು ನಿಜವಾದ ನಕ್ಷತ್ರ ಹುಟ್ಟುತ್ತದೆ. ಆ ನಕ್ಷತ್ರವಾದರೂ ದೊಡ್ಡದಿರಬೇಕಲ್ಲ ಎಂದು ಮಕ್ಕಳು ಕಾಯುತ್ತಿರುತ್ತಾರೆ. 2017ರಲ್ಲಿ ಪ್ರಕಟವಾದ ಇಬಿಎಲ್‌ಎಂ ಜೆ0555-57ಎಬಿ ಎಂಬ ನಕ್ಷತ್ರದಲ್ಲಿ ಸುಮಾರು 85 ಗುರುಗಳಷ್ಟು, ಅಂದರೆ 27,000 ಭೂಮಿಗಳಷ್ಟು ಸರಕಿದೆ, ಅಗಲ ಮಾತ್ರ ಶನಿಗ್ರಹದಷ್ಟು. ಅದಕ್ಕೂ ಒಂದು ಕಾಗದದ ವೃತ್ತ ಕತ್ತರಿಸಬೇಕು, ಒಂಬತ್ತೂವರೆ ಸೆಂಟಿಮೀಟರ್ ಅಗಲದ್ದು. ಅದನ್ನು ವಾಸ್ಪ್-17ಬಿಯ ವೃತ್ತದ ಮೇಲೆ ಇಟ್ಟು, ಯಾವುದು ಗ್ರಹ, ಯಾವುದು ನಕ್ಷತ್ರ, ಹೇಗೆ ಹೇಳುತ್ತೀರಿ ಎಂದು ಮಕ್ಕಳನ್ನೇ ಕೇಳಬೇಕು.